ಕ್ಯಾಶ್ ಎಂದರೆ ಕಸವೇ? ಜಾನ್ ವಾನ್ ನ್ಯೂಮನ್ ಅವರ ಬದುಕು ಮತ್ತು ಕಂಪ್ಯೂಟರ್ ನೆನಪಿನ ಕಥೆ

ಕ್ಯಾಶ್ ಎಂದರೆ ಮೊಬೈಲಿನಲ್ಲಿ ತುಂಬಿಕೊಳ್ಳುವ ಕಸ, ದಿನಾ ಅಳಿಸಿದರೆ ಫೋನ್ ವೇಗವಾಗುತ್ತದೆ ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಕಂಪ್ಯೂಟರನ್ನು ಕಂಡುಹಿಡಿದದ್ದು ಜಾನ್ ವಾನ್ ನ್ಯೂಮನ್ ಎಂಬ ಒಬ್ಬನೇ ಮೇಧಾವಿ ಎನ್ನುವುದು ಇನ್ನೊಂದು ಜನಪ್ರಿಯ ಮಾತು. ಎರಡೂ ಪೂರ್ತಿ ನಿಜವಲ್ಲ. ವಾನ್ ನ್ಯೂಮನ್ ಅವರ ಬದುಕನ್ನು ಒಮ್ಮೆ ನೋಡಿದರೆ ಎರಡಕ್ಕೂ ಉತ್ತರ ಸಿಗುತ್ತದೆ. ಇಂದಿನ ವೆಬ್‌ಸೈಟುಗಳು ಒಮ್ಮೊಮ್ಮೆ ಏಕೆ ಕುಸಿದುಬೀಳುತ್ತವೆ ಎಂಬುದೂ ಅರ್ಥವಾಗುತ್ತದೆ.

ನಾವು ಇಲ್ಲಿ ಹೇಳುತ್ತಿರುವ ಕ್ಯಾಶ್ ನಗದು ಹಣವಲ್ಲ. ಪದೇ ಪದೇ ಬೇಕಾಗುವ ಮಾಹಿತಿಯ ಪ್ರತಿಯನ್ನು ಕೈಗೆ ಬೇಗ ಸಿಗುವ ಜಾಗದಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆಗೆ ಈ ಹೆಸರು. ಅಡುಗೆಮನೆಯಲ್ಲಿ ಸಾಸಿವೆ, ಅರಿಸಿನ ಒಲೆಯ ಪಕ್ಕದ ಡಬ್ಬಿಯಲ್ಲಿರುತ್ತವೆ, ಅಕ್ಕಿ ಮೂಟೆ ಉಗ್ರಾಣದಲ್ಲಿರುತ್ತದೆ. ಅದೇ ಲೆಕ್ಕ.

ಅಸಾಧಾರಣ ನೆನಪಿನ ಹುಡುಗ

ವಾನ್ ನ್ಯೂಮನ್ ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ತಂದೆ ಬ್ಯಾಂಕ್ ವ್ಯವಹಾರದವರು. 1926ರ ಹೊತ್ತಿಗೆ ಅವರು ಜ್ಯೂರಿಕ್‌ನಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಡಿಪ್ಲೊಮಾವನ್ನೂ ಬುಡಾಪೆಸ್ಟ್‌ನಲ್ಲಿ ಗಣಿತದ ಡಾಕ್ಟರೇಟನ್ನೂ ಪಡೆದಿದ್ದರು. 1930ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋದರು. 1933ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಯಲ್ಲಿ ಪ್ರಾಧ್ಯಾಪಕರಾದರು. ಐನ್‌ಸ್ಟೈನ್ ಕೂಡ ಅದೇ ಸಂಸ್ಥೆಯಲ್ಲಿದ್ದರು.

ಅವರ ನೆನಪಿನ ಶಕ್ತಿ ಹೆಸರುವಾಸಿ. ಎಂದೋ ಓದಿದ ಪುಸ್ತಕದ ಪುಟಗಳನ್ನು ವರ್ಷಗಳ ನಂತರವೂ ಹಾಗೆಯೇ ಒಪ್ಪಿಸುತ್ತಿದ್ದರು ಎಂದು ಜೊತೆಯಲ್ಲಿ ಕೆಲಸ ಮಾಡಿದ ಹರ್ಮನ್ ಗೋಲ್ಡ್‌ಸ್ಟೈನ್ ದಾಖಲಿಸಿದ್ದಾರೆ.

ಎರಡನೇ ಮಹಾಯುದ್ಧದಲ್ಲಿ ಅವರು ಅಣುಬಾಂಬ್ ಯೋಜನೆಗೆ ಕೆಲಸ ಮಾಡಿದರು. ಬಾಂಬ್ ಯಾವ ನಗರಗಳ ಮೇಲೆ ಬೀಳಬೇಕು ಎಂದು ಚರ್ಚಿಸಿದ ಸಮಿತಿಯಲ್ಲೂ ಇದ್ದರು. ಅವರನ್ನು ಬರೀ ಮೇಧಾವಿ ಎಂದು ಹೊಗಳುವ ಫಾರ್ವರ್ಡ್‌ಗಳು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಕಂಪ್ಯೂಟರ್ ಅವರೊಬ್ಬರದೇ?

ಅಲ್ಲ. 1944ರ ಬೇಸಿಗೆಯಲ್ಲಿ ಅಬರ್ಡೀನ್ ರೈಲು ನಿಲ್ದಾಣದಲ್ಲಿ ಗೋಲ್ಡ್‌ಸ್ಟೈನ್ ಅವರನ್ನು ಭೇಟಿಯಾದಾಗಲೇ ವಾನ್ ನ್ಯೂಮನ್ ಅವರಿಗೆ ಎನಿಯಾಕ್ ಯಂತ್ರದ ವಿಷಯ ತಿಳಿದದ್ದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಮಾಕ್ಲಿ ಮತ್ತು ಪ್ರೆಸ್ಪರ್ ಎಕರ್ಟ್ ಅದನ್ನು ಆಗಲೇ ಕಟ್ಟುತ್ತಿದ್ದರು. ಅದರಲ್ಲಿ ಸುಮಾರು 18,000 ವ್ಯಾಕ್ಯೂಮ್ ಟ್ಯೂಬ್‌ಗಳಿದ್ದವು. ಆದರೆ ಅದರ ಕೆಲಸದ ನೆನಪಿನಲ್ಲಿ ಹಿಡಿಯುತ್ತಿದ್ದದ್ದು ಹತ್ತು ಅಂಕಿಗಳ 20 ಸಂಖ್ಯೆಗಳು ಮಾತ್ರ. ಹೊಸ ಲೆಕ್ಕ ಮಾಡಿಸಬೇಕಾದರೆ ತಂತಿಗಳನ್ನು ಕಿತ್ತು ಮತ್ತೆ ಜೋಡಿಸಬೇಕಿತ್ತು.

ಲೆಕ್ಕದ ಸಂಖ್ಯೆಗಳನ್ನೂ ಅದನ್ನು ಮಾಡುವ ಸೂಚನೆಗಳನ್ನೂ ಒಂದೇ ನೆನಪಿನಲ್ಲಿ ಇಡುವುದು ಇದಕ್ಕೆ ಪರಿಹಾರವಾಗಿತ್ತು. ಆ ತಂಡದ ಚರ್ಚೆಗಳ ಆಧಾರದ ಮೇಲೆ ವಾನ್ ನ್ಯೂಮನ್ ಒಂದು ವರದಿ ಬರೆದರು. 1945ರ ಜೂನ್ 30ರ ದಿನಾಂಕವಿದ್ದ ಆ ವರದಿಯನ್ನು ಗೋಲ್ಡ್‌ಸ್ಟೈನ್ ಹಲವರಿಗೆ ಕಳುಹಿಸಿದರು. ಮುಖಪುಟದಲ್ಲಿ ಇದ್ದದ್ದು ವಾನ್ ನ್ಯೂಮನ್ ಹೆಸರೊಂದೇ. ಎಕರ್ಟ್ ಮತ್ತು ಮಾಕ್ಲಿ ಇದರಿಂದ ಬಹಳ ನೊಂದುಕೊಂಡರು. ಇಂದಿಗೂ ಈ ವಿನ್ಯಾಸವನ್ನು ವಾನ್ ನ್ಯೂಮನ್ ವಿನ್ಯಾಸ ಎಂದೇ ಕರೆಯುತ್ತಾರೆ. ಆದರೆ ಅದರ ಹಿಂದೆ ಇದ್ದದ್ದು ಒಂದು ತಂಡದ ಕೆಲಸ. ಅವರ ಪತ್ನಿ ಕ್ಲಾರಾ ಕೂಡ ಎನಿಯಾಕ್‌ಗೆ ಪ್ರೋಗ್ರಾಂ ಬರೆದವರಲ್ಲಿ ಒಬ್ಬರು.

ಐದು ಸಾವಿರ ಬೈಟ್‌ನ ಯಂತ್ರ

ನಂತರ ಪ್ರಿನ್ಸ್‌ಟನ್‌ನಲ್ಲಿ ಅವರ ತಂಡ ತನ್ನದೇ ಯಂತ್ರ ಕಟ್ಟಲು ಹೊರಟಿತು. 1946ರ ಜೂನ್‌ನಲ್ಲಿ ಆರ್ಥರ್ ಬರ್ಕ್ಸ್ ಮತ್ತು ಗೋಲ್ಡ್‌ಸ್ಟೈನ್ ಜೊತೆ ಸೇರಿ ವಾನ್ ನ್ಯೂಮನ್ ಬರೆದ ವರದಿಯಲ್ಲಿ ಒಂದು ಮುಖ್ಯ ವಿಚಾರವಿದೆ. ನೆನಪು ಅಪಾರವಾಗಿಯೂ ಇರಬೇಕು, ತಕ್ಷಣ ಸಿಗಲೂಬೇಕು ಎಂದರೆ ಆಗದು. ಆದ್ದರಿಂದ ನೆನಪನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು. ಮೇಲಿನದು ಚಿಕ್ಕದು, ಆದರೆ ವೇಗದ್ದು. ಕೆಳಗಿಳಿದಂತೆ ದೊಡ್ಡದು, ಆದರೆ ನಿಧಾನದ್ದು. ಇಂದಿನ ಕ್ಯಾಶ್ ನಿಂತಿರುವುದು ಇದೇ ತತ್ವದ ಮೇಲೆ.

1952ರ ಜೂನ್‌ನಲ್ಲಿ ಉದ್ಘಾಟನೆಯಾದ ಆ ಯಂತ್ರದ ವೇಗದ ನೆನಪು ಕೇವಲ 5,120 ಬೈಟ್‌ನಷ್ಟು. ನಿಮ್ಮ ಫೋನಿನ ಒಂದು ಫೋಟೊ ಕೂಡ ಅದರಲ್ಲಿ ಹಿಡಿಯುತ್ತಿರಲಿಲ್ಲ. ಟಿವಿ ಪರದೆಯಂಥ 40 ಗಾಜಿನ ಟ್ಯೂಬ್‌ಗಳ ಮೇಲೆ ವಿದ್ಯುತ್ ಚುಕ್ಕೆಗಳಾಗಿ ಮಾಹಿತಿ ಕುಳಿತಿರುತ್ತಿತ್ತು. ಚುಕ್ಕೆಗಳು ಬಹುಬೇಗ ಮಾಸುತ್ತಿದ್ದುದರಿಂದ ಯಂತ್ರ ಅವನ್ನು ಮತ್ತೆ ಮತ್ತೆ ಬರೆಯುತ್ತಿರಬೇಕಿತ್ತು. ಇಂದಿನ ಫೋನು ಮತ್ತು ಸರ್ವರ್‌ಗಳ ರ‍್ಯಾಮ್ ಕೂಡ ಹಾಗೆಯೇ. ಸೆಕೆಂಡಿಗೆ ಹಲವು ಬಾರಿ ಅದನ್ನು ಮತ್ತೆ ತುಂಬುತ್ತಿರಬೇಕು. ವಿದ್ಯುತ್ ನಿಂತರೆ ಎಲ್ಲವೂ ಅಳಿಸಿಹೋಗುತ್ತದೆ.

ನೆನಪು ಕೈಬಿಟ್ಟ ದಿನಗಳು

1955ರಲ್ಲಿ ಅವರಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. 1956ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಪದಕ ಕೊಟ್ಟಾಗ ಅವರು ಗಾಲಿಕುರ್ಚಿಯಲ್ಲಿದ್ದರು. ಕೊನೆಯ ತಿಂಗಳುಗಳಲ್ಲಿ ಆ ಅದ್ಭುತ ನೆನಪು ಕೈಕೊಡತೊಡಗಿತು. ಸಣ್ಣ ಮಕ್ಕಳ ಕೂಡುವ ಲೆಕ್ಕ ಕೇಳಿ ತನ್ನನ್ನು ಪರೀಕ್ಷಿಸುವಂತೆ ಅಪ್ಪ ಕೋರುತ್ತಿದ್ದುದನ್ನು ಮಗಳು ಮರೀನಾ ನೆನಪಿಸಿಕೊಂಡಿದ್ದಾರೆ. 1957ರ ಫೆಬ್ರುವರಿ 8ರಂದು ವಾಷಿಂಗ್ಟನ್‌ನ ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 53 ವರ್ಷ. ಕಂಪ್ಯೂಟರ್ ಮತ್ತು ಮೆದುಳನ್ನು ಹೋಲಿಸಿ ಬರೆಯುತ್ತಿದ್ದ ಉಪನ್ಯಾಸಗಳು ಅರ್ಧಕ್ಕೇ ನಿಂತವು. ಬರೆದಿಟ್ಟಿದ್ದಷ್ಟು 1958ರಲ್ಲಿ ಪುಸ್ತಕವಾಯಿತು. ತಲೆಯಲ್ಲಿದ್ದದ್ದು ಹೋಯಿತು, ಕಾಗದದಲ್ಲಿದ್ದದ್ದು ಉಳಿಯಿತು.

ಅವರ ನಂತರ ಕ್ಯಾಶ್ ಬೆಳೆದದ್ದು ಹೇಗೆ?

1965ರಲ್ಲಿ ಕೇಂಬ್ರಿಡ್ಜ್‌ನ ಮಾರಿಸ್ ವಿಲ್ಕ್ಸ್, ದೊಡ್ಡ ನೆನಪಿನ ಮುಂದೆ ಚಿಕ್ಕ ವೇಗದ ನೆನಪೊಂದನ್ನು ಇಡುವ ಬಗೆಯನ್ನು ಪುಟ್ಟ ಲೇಖನವೊಂದರಲ್ಲಿ ವಿವರಿಸಿದರು. 1968ರಲ್ಲಿ ಐಬಿಎಂ ತನ್ನ ಯಂತ್ರವೊಂದರಲ್ಲಿ ಇಂಥದ್ದನ್ನು ಅಳವಡಿಸಿ ಕ್ಯಾಶ್ ಎಂದು ಕರೆಯಿತು. 2003ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಲೈವ್‌ಜರ್ನಲ್ ವೆಬ್‌ಸೈಟ್‌ಗಾಗಿ ಮೆಮ್‌ಕ್ಯಾಶ್‌ಡಿ ಬರೆದರು. 2009ರಲ್ಲಿ ರೆಡಿಸ್ ಬಂತು. ಇವು ರ‍್ಯಾಮ್‌ನಲ್ಲೇ ಮಾಹಿತಿ ಇಟ್ಟುಕೊಳ್ಳುವ ಕ್ಯಾಶ್ ಸರ್ವರ್‌ಗಳು. ಪರೀಕ್ಷೆಯ ಫಲಿತಾಂಶದ ದಿನ ಲಕ್ಷಾಂತರ ಜನ ಒಂದೇ ಪುಟ ತೆರೆದಾಗ, ಪ್ರತಿ ಸಲ ಡೇಟಾಬೇಸ್‌ನಲ್ಲಿ ಹುಡುಕದೆ ಇಂಥ ಕ್ಯಾಶ್‌ನಿಂದಲೇ ಉತ್ತರ ಕೊಡಬಹುದು.

ಈಗ ಇವನ್ನು ಹೆಚ್ಚಾಗಿ ಕಂಟೇನರ್ ಒಳಗೆ ಓಡಿಸುತ್ತಾರೆ. 2013ರಲ್ಲಿ ಬಂದ ಡಾಕರ್ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಕಂಟೇನರ್ ಎಂದರೆ ಬೇರೆಯದೇ ಒಂದು ಯಂತ್ರವಲ್ಲ. ಅದೇ ಸರ್ವರ್‌ನಲ್ಲಿ ಒಂದು ಪ್ರೋಗ್ರಾಂ ಸುತ್ತ ಹಾಕಿದ ಬೇಲಿ. ಇಷ್ಟೇ ರ‍್ಯಾಮ್ ಬಳಸಬೇಕು ಎಂಬ ಮಿತಿಯನ್ನು ಲಿನಕ್ಸ್ ಕಾಯುತ್ತದೆ.

ತಪ್ಪಾಗುವುದು ಎಲ್ಲಿ?

ಕಂಟೇನರ್‌ಗೆ 512 ಎಂಬಿ ಮಿತಿ ಹಾಕಿದ್ದೀರಿ ಎಂದುಕೊಳ್ಳಿ. ಈಗಿನ 64 ಬಿಟ್ ಸರ್ವರ್‌ಗಳಲ್ಲಿ ರೆಡಿಸ್, ನಾವು ಹೇಳದ ಹೊರತು, ತನಗೆ ತಾನೇ ಯಾವ ಮಿತಿಯನ್ನೂ ಹಾಕಿಕೊಳ್ಳುವುದಿಲ್ಲ. ಅದು ತುಂಬಿಕೊಳ್ಳುತ್ತಲೇ ಹೋಗುತ್ತದೆ. ಬೇಲಿ ದಾಟಲು ಹೊರಟ ತಕ್ಷಣ ಲಿನಕ್ಸ್ ಅದನ್ನು ಎಚ್ಚರಿಕೆಯಿಲ್ಲದೆ ಕೊಲ್ಲುತ್ತದೆ. ಪರದೆಯ ಮೇಲೆ ಕಾಣುವುದು 137 ಎಂಬ ಸಂಖ್ಯೆ. ಮತ್ತೆ ಶುರುವಾದಾಗ ಕ್ಯಾಶ್ ಖಾಲಿ ಇರಬಹುದು. ಆಗ ಎಲ್ಲ ಕೋರಿಕೆಗಳೂ ಒಮ್ಮೆಲೇ ಡೇಟಾಬೇಸ್ ಮೇಲೆ ಬಿದ್ದು ಅದೂ ಕುಸಿಯಬಹುದು. ಫಲಿತಾಂಶ ನೋಡಲು ಕಾದಿರುವ ಮಗುವಿಗೆ ಕಾಣುವುದು ತಿರುಗುತ್ತಲೇ ಇರುವ ಚಕ್ರ ಮಾತ್ರ.

ಇಂಥ ಕೆಲಸ ಮಾಡುವವರು ನಾಲ್ಕು ವಿಷಯ ಗಮನಿಸಿದರೆ ಈ ತೊಂದರೆಯ ಬಹುಪಾಲು ತಪ್ಪುತ್ತದೆ:

1. ಕ್ಯಾಶ್‌ಗೆ ಅದರದೇ ಮಿತಿ ಹಾಕಿ. ಅದು ಕಂಟೇನರ್ ಮಿತಿಗಿಂತ ಕಡಿಮೆಯೇ ಇರಲಿ. ಸಂಪರ್ಕಗಳಿಗೆ, ಡಿಸ್ಕ್‌ಗೆ ಪ್ರತಿ ಬರೆಯುವ ಕೆಲಸಕ್ಕೆ ಇನ್ನಷ್ಟು ರ‍್ಯಾಮ್ ಬೇಕು.

2. ತುಂಬಿದಾಗ ಏನನ್ನು ಬಿಡಬೇಕು ಎಂದು ಮೊದಲೇ ಹೇಳಿಡಿ. ಬಹುಕಾಲ ಯಾರೂ ಕೇಳದ್ದನ್ನು ಬಿಡುವುದು ಸಾಮಾನ್ಯ ಕ್ರಮ. ರೆಡಿಸ್‌ನಲ್ಲಿ ಇದನ್ನು ನಾವೇ ಆರಿಸಬೇಕು. ಇಲ್ಲದಿದ್ದರೆ ಮಿತಿ ಮುಟ್ಟಿದಾಗ ಹೊಸದನ್ನು ಬರೆಯಲು ಅದು ನಿರಾಕರಿಸುತ್ತದೆ.

3. ಅಸಲು ಮಾಹಿತಿ ಡೇಟಾಬೇಸ್‌ನಲ್ಲೇ ಇರಲಿ. ಕ್ಯಾಶ್‌ನಲ್ಲಿರುವುದು ಯಾವಾಗ ಬೇಕಾದರೂ ಹೋಗಬಹುದಾದ ಪ್ರತಿ.

4. ಕ್ಯಾಶ್‌ನ ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆದಿಡಬೇಡಿ. 2018ರ ಫೆಬ್ರುವರಿ 28ರಂದು ಹೀಗೆ ತೆರೆದಿದ್ದ ಮೆಮ್‌ಕ್ಯಾಶ್‌ಡಿ ಸರ್ವರ್‌ಗಳನ್ನು ಬಳಸಿ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್‌ನಷ್ಟು ದಾಳಿ ನಡೆದಿತ್ತು.

ಹಾಗಾದರೆ ಆ ಫಾರ್ವರ್ಡ್?

ಮೊಬೈಲ್ ಆ್ಯಪ್‌ಗಳ ಕ್ಯಾಶ್ ಹೆಚ್ಚಾಗಿ ಇರುವುದು ರ‍್ಯಾಮ್‌ನಲ್ಲಲ್ಲ, ಫೋನಿನ ಸ್ಟೋರೇಜ್‌ನಲ್ಲಿ. ಆದರೆ ತತ್ವ ಒಂದೇ. ಅಳಿಸಿದರೆ ಆ್ಯಪ್ ಅದನ್ನೆಲ್ಲ ಮತ್ತೆ ಇಳಿಸಿಕೊಳ್ಳಬೇಕು. ಅಂದರೆ ನಿಮ್ಮ ಡೇಟಾವೂ ಸಮಯವೂ ಖರ್ಚು. ಸ್ಟೋರೇಜ್ ತುಂಬಿದ್ದರೆ ಅಥವಾ ಯಾವುದಾದರೂ ಆ್ಯಪ್ ಸರಿಯಾಗಿ ನಡೆಯದಿದ್ದರೆ ಆ ಆ್ಯಪ್‌ನ ಕ್ಯಾಶ್ ಅಳಿಸಿ. ದಿನಾ ಅಳಿಸುವ ಅಗತ್ಯವಿಲ್ಲ.

ಕ್ಯಾಶ್ ಕಸವಲ್ಲ, ತಿಜೋರಿಯೂ ಅಲ್ಲ. ಕ್ಲೀನರ್ ಆ್ಯಪ್ ಹಾಕಿಕೊಳ್ಳಿ ಎನ್ನುವ ಸಂದೇಶ ಮುಂದೆ ಬಂದರೆ ಕಳುಹಿಸಿದವರಿಗೆ ಇದನ್ನು ತಿಳಿಸಿ. ನಿಮ್ಮ ಮನೆಯ ಫೋಟೊ, ಮಕ್ಕಳ ಅಂಕಪಟ್ಟಿಯಂಥ ಕಳೆದುಕೊಳ್ಳಬಾರದ ಮಾಹಿತಿಯ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟಿದ್ದೀರಾ ಎಂದು ಇವತ್ತೇ ಒಮ್ಮೆ ನೋಡಿಕೊಳ್ಳಿ.