ದೇವರಾಜ ಅರಸರೂ ಬಡವರ ಗುಡಿಸಲಿನ ನೆಲವೂ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಹಿಂದಿನ ಕಾಲದ ಕೂಲಿಗಾರನ ಮನೆಯ ಸ್ಥಿತಿಯು ನಿಮ್ಮಲ್ಲಿ ಹಿರಿಯರಾದವರಿಗೆ ಚೆನ್ನಾಗಿ ತಿಳಿದಿರುವದು. ಗೋಡೆಯ ಮಣ್ಣನ್ನು ತುಳಿದು ಹದಮಾಡಿದವನು ಅವನೇ. ಮಾಳಿಗೆಗೆ ತೊಲೆಗಳನ್ನು ಹೊತ್ತು ತಂದವನು ಅವನೇ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಮಣ್ಣು ಹರವಿ ಸೋರದಂತೆ ಮಾಡಿದವಳು ಅವನ ಹೆಂಡತಿಯೇ. ಆದರೆ ಆ ಗೋಡೆಗಳು ನಿಂತ ನೆಲವು ಮಾತ್ರ ಊರ ಗೌಡನದಾಗಲಿ, ಕುಲಕರ್ಣಿಯದಾಗಲಿ, ದೇಶಮುಖನದಾಗಲಿ ಆಗಿತ್ತು. ಆದದರಿಂದ ಮನೆಯು ಅವನದೆಂದು ಹೇಳಬಹುದಾದರೂ, ಅದರಲ್ಲಿ ನಾಳೆಯೂ ಇರಬಹುದೋ ಇಲ್ಲವೋ ಎಂಬದು ಇನ್ನೊಬ್ಬನ ಮನಸ್ಸಿನ ಮೇಲೆ ನಿಂತಿತ್ತು. ಕೂಲಿ ಹೆಚ್ಚು ಕೇಳಿದರೆ ಮನೆ ಬಿಡಬೇಕು. ಜೀತಕ್ಕೆ ಮಗನನ್ನು ಕಳುಹಿಸದಿದ್ದರೆ ಮನೆ ಬಿಡಬೇಕು. ಬೇರೆಯವರ ಹೊಲಕ್ಕೆ ಸುಗ್ಗಿಗೆ ಹೋದರೂ ಮನೆ ಬಿಡಬೇಕು. ಹೊಡೆತ ಬಡಿತಗಳಿಗಿಂತಲೂ ಈ ಒಂದು ಬೆದರಿಕೆಯೇ ಬಡವನನ್ನು ಬಗ್ಗಿಸುವದಕ್ಕೆ ಸಾಕಾಗಿತ್ತು.

ನಮ್ಮ ಸಭೆಗಳವರಿಗೂ ಈ ಸಂಗತಿಯು ಹೊಸದಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಕೆಲಸವನ್ನು ಆರಂಭಿಸಿದ ಮೇಲೆ, ದೀಕ್ಷಾಸ್ನಾನ ಹೊಂದಿ ಮನೆಮಾರು ಕಳಕೊಂಡವರಿಗೆ ಬಿಡಾರವನ್ನೂ ಕೆಲಸವನ್ನೂ ಒದಗಿಸುವದು ಅವರಿಗೆ ದೊಡ್ಡ ಚಿಂತೆಯಾಯಿತು. ಮಿಶನ್ನು ಕೆಲವರಿಗೆ ಆಸರೆ ಕೊಡಬಲ್ಲದು; ದೇಶದಲ್ಲಿರುವ ಎಲ್ಲಾ ಬಡವರಿಗೆ ಅವರವರ ಊರಲ್ಲಿಯೇ ಕಾಲೂರಲು ನೆಲ ಕೊಡುವದು ಮಿಶನ್ನಿನಿಂದ ಆಗತಕ್ಕ ಕೆಲಸವಲ್ಲ; ಅದಕ್ಕೆ ಕಾಯಿದೆ ಬೇಕು. ಆ ಕಾಯಿದೆಯನ್ನು ನಮ್ಮ ರಾಜ್ಯದಲ್ಲಿ ಗಟ್ಟಿಮಾಡಿ ಹಳ್ಳಿಯ ವರೆಗೆ ಮುಟ್ಟಿಸಿದ ಪುರುಷನ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬರೆಯುತ್ತೇವೆ.

ದೇವರಾಜ ಅರಸರು 1915ನೆಯ ಆಗಸ್ಟ್ 20ರಂದು ಮೈಸೂರು ಸೀಮೆಯ ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದರು. ಅರಸು ಎಂಬದು ಮೈಸೂರಿನ ರಾಜಮನೆತನಕ್ಕೆ ಸಂಬಂಧವುಳ್ಳ, ಸಂಖ್ಯೆಯಲ್ಲಿ ಬಹು ಸಣ್ಣದಾದ ಒಂದು ಕುಲ. ಹೀಗೆ ಹೆಸರು ದೊಡ್ಡದು, ಹಿಂದೆ ನಿಲ್ಲುವ ಜನ ಸ್ವಲ್ಪ. ಮೈಸೂರಿನಲ್ಲಿ ಅರಸು ಹುಡುಗರಿಗಾಗಿದ್ದ ಶಾಲೆಯಲ್ಲಿ ಕಲಿತು, ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನದ ಪದವಿಯನ್ನು ಹೊಂದಿದರು. ಅಂಥ ಪದವಿಯುಳ್ಳವನಿಗೆ ಆ ದಿವಸಗಳಲ್ಲಿ ಸರಕಾರದ ಕೆಲಸವು ಕಷ್ಟವಿಲ್ಲದೆ ಸಿಕ್ಕುತ್ತಿತ್ತು. ಅವರಾದರೋ ಕಲ್ಲಹಳ್ಳಿಗೆ ತಿರುಗಿ ಹೋಗಿ ಒಕ್ಕಲುತನಕ್ಕೆ ನಿಂತರು. ಮುಂದೆ ಭೂಮಿಯ ವಿಷಯದಲ್ಲಿ ಅವರು ಮಾಡಿದ್ದನ್ನೆಲ್ಲಾ ನೋಡುವಾಗ, ನೇಗಿಲಿನ ಹಿಂದೆ ಕಳೆದ ಈ ವರುಷಗಳು ಯಾವ ಕಾಲೇಜಿಗೂ ಕಡಿಮೆಯಾಗಿರಲಿಲ್ಲವೆಂದು ನಮಗೆ ತೋರುತ್ತದೆ.

1941ರಲ್ಲಿ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಆರಿಸಲ್ಪಟ್ಟರು. 1942ರ ಚಳವಳಿಯಲ್ಲಿ ಸೆರೆಮನೆಯನ್ನು ಕಂಡರು. 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಹೋದರು. 1962ರಲ್ಲಿ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಸೇರಿದರು. ಇಷ್ಟರ ವರೆಗಿನ ಚರಿತ್ರೆಯಲ್ಲಿ ಬೇರೆ ಹತ್ತು ಮಂದಿಯ ಚರಿತ್ರೆಗಿಂತ ಹೆಚ್ಚಿನದು ಬಹಳವೇನೂ ಇಲ್ಲ. 1969ರಲ್ಲಿ ಕಾಂಗ್ರೆಸ್ಸು ಎರಡಾಗಿ ಒಡೆದಾಗ, ರಾಜ್ಯದ ದೊಡ್ಡ ಮುಖಂಡರು ಒಂದು ಕಡೆಗೆ ಹೋದರು. ಅರಸರು ಇಂದಿರಾ ಗಾಂಧಿಯವರ ಪಕ್ಷದಲ್ಲಿ ನಿಂತರು. ಬೆನ್ನಿಗೆ ದೊಡ್ಡ ಜಾತಿಯ ಬಲವಿಲ್ಲದವನು ಊರೂರಲ್ಲಿ ಚದರಿಹೋದ ಸಣ್ಣ ಸಣ್ಣ ಕುಲಗಳವರನ್ನು ಕೂಡಿಸಿದನು. 1972ನೆಯ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು.

ಅದು ಒಳ್ಳೇ ಕಾಲವಾಗಿರಲಿಲ್ಲ. 1972ರಲ್ಲಿ ಮಳೆ ಕೈಕೊಟ್ಟು ಮಹಾರಾಷ್ಟ್ರದಲ್ಲಿಯೂ ನಮ್ಮ ಬಡಗಣ ಜಿಲ್ಲೆಗಳಲ್ಲಿಯೂ ಘೋರವಾದ ಬರಗಾಲವು ಬಿದ್ದಿತು. ಬರದಲ್ಲಿ ಬಡವನು ಮೊದಲು ಕಳಕೊಳ್ಳುವದು ದನಗಳನ್ನು, ತರುವಾಯ ಪಾತ್ರೆಗಳನ್ನು, ಕಡೆಗೆ ಬಾಗಲಿಗೆ ಮುಳ್ಳು ಹಚ್ಚಿ ಕೂಲಿಗಾಗಿ ಪರಸ್ಥಳಕ್ಕೆ ಹೊರಡುತ್ತಾನೆ. ತಿರುಗಿ ಬಂದಾಗ ಆ ನೆಲದ ಮೇಲೆ ಅವನಿಗೇನೂ ಅಧಿಕಾರವಿಲ್ಲದಿದ್ದರೆ, ಮುಳ್ಳು ಹಚ್ಚಿದ ಬಾಗಲು ಅವನಿಗೆ ತೆರೆಯುವದೆಂಬ ನಂಬಿಕೆಯೇನು? ಊರು ಬಿಟ್ಟುಹೋದವರಲ್ಲಿ ಎಷ್ಟೋ ಮಂದಿ ತಿರುಗಿ ಬಾರದೆ ಪಟ್ಟಣದ ಗಟಾರದ ಬದಿಯಲ್ಲಿ ಜೋಪಡಿ ಹಾಕಿಕೊಂಡದ್ದಕ್ಕೆ ಇದೂ ಒಂದು ಕಾರಣ.

ನಮ್ಮ ಸೀಮೆಯ ಭೂಮಿಯ ವ್ಯವಸ್ಥೆಯ ವಿಷಯವಾಗಿ ಇಲ್ಲಿ ಸ್ವಲ್ಪ ಹೇಳಬೇಕು. ಈ ಮೂರು ತಾಲೂಕುಗಳು 1948ರ ತನಕ ನಿಜಾಮನ ಆಳಿಕೆಯೊಳಗಿದ್ದವು. ಆ ಸಂಸ್ಥಾನದಲ್ಲಿ ಸರಕಾರವು ನೇರವಾಗಿ ಆಳುವ ಊರುಗಳಲ್ಲದೆ ಜಹಗೀರುಗಳೂ ಪಾಯಗಾಗಳೂ ಬಹಳವಿದ್ದವು. 1949ರಲ್ಲಿ ಜಹಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದು ಗೇಣಿ ಕಾಯಿದೆಯು ಬಂದಿತು. 1956ನೆಯ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಕಾಗದದ ಮೇಲೆ ಬದಲಾವಣೆಯು ದೊಡ್ಡದು. ಆದರೂ ಲಾವಣಿಗೆ, ಪಾಲಿಗೆ ಹೊಲ ಮಾಡುವವರಲ್ಲಿ ಬಹಳ ಮಂದಿಯ ಹೆಸರು ಯಾವ ದಫ್ತರದಲ್ಲಿಯೂ ಇರಲಿಲ್ಲ. ಹೊಲವೇ ಇಲ್ಲದ ಕೂಲಿಗಾರನ ಹೆಸರಂತೂ ಎಲ್ಲಿಯೂ ಇರಲಿಲ್ಲ.

ಅರಸರ ಸರಕಾರವು 1961ರ ಭೂಸುಧಾರಣೆಯ ಕಾಯಿದೆಯನ್ನು 1973ರಲ್ಲಿ ತಿದ್ದಿತು. ತಿದ್ದುಪಡಿಯು 1974ನೆಯ ಮಾರ್ಚ್ 1ರಿಂದ ನಡೆಯಿತು. ಅದರಂತೆ ಗೇಣಿಗೆ ಕೊಟ್ಟ ಭೂಮಿಯೆಲ್ಲವೂ, ಸಿಪಾಯಿಗಳ ಮತ್ತು ಹಡಗಿನ ಕೆಲಸಗಾರರ ಭೂಮಿಯ ವಿಷಯದಲ್ಲಿಟ್ಟ ವಿನಾಯಿತಿಯ ಹೊರತು, ಸರಕಾರಕ್ಕೆ ಸೇರಿತು. ಉಳುವವನು ಅರ್ಜಿ ಕೊಟ್ಟು ಅದರ ಒಡೆಯನಾಗಬಹುದು. ಐದು ಮಂದಿಯ ಒಂದು ಕುಟುಂಬಕ್ಕೆ ಇರಬಹುದಾದ ಖುಷ್ಕಿ ಭೂಮಿಗೆ 54 ಎಕರೆಯ ಮಿತಿಯನ್ನಿಟ್ಟರು. ತಾಲೂಕುಗಳಲ್ಲಿ ನ್ಯಾಯಮಂಡಳಿಗಳನ್ನು ಏರ್ಪಡಿಸಿದರು. ಅದರಲ್ಲಿ ಸರಕಾರದ ಅಧಿಕಾರಿಯ ಸಂಗಡ ಊರವರೂ ಸದಸ್ಯರಾಗಿ ಕೂತರು. ಪರಿಶಿಷ್ಟ ಜಾತಿ ಪಂಗಡದವರೊಬ್ಬರು ಅವರಲ್ಲಿ ಇರಲೇಬೇಕಾಗಿತ್ತು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ವಕೀಲರ ಮೇಲೆ ನಮಗೆ ವೈರವಿಲ್ಲ; ಆದರೆ ಕೋರ್ಟಿನ ಮೆಟ್ಟಲಲ್ಲಿ ಅಪ್ಪನ ಕಾಲದಿಂದ ಮಗನ ಕಾಲದ ವರೆಗೆ ಕೂತವರನ್ನು ಕಂಡವರು ಈ ಏರ್ಪಾಟಿನ ಅರ್ಥವನ್ನು ತಿಳಿಯುವರು. ಅರ್ಜಿ ಕೊಡುವ ಗಡುವನ್ನು 1979ನೆಯ ಜೂನ್ 30ರ ವರೆಗೆ ಬೆಳಿಸಿದರು. ರಾಜ್ಯದಲ್ಲೆಲ್ಲಾ 8 ಲಕ್ಷಕ್ಕೂ ಮೇಲ್ಪಟ್ಟು ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ಉಳುವವರ ಪಕ್ಷವಾಗಿ ತೀರ್ಮಾನವಾದವು.

ಹೊಲದ ಈ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಅದೇ ಕಾಯಿದೆಯ 38ನೆಯ ವಿಧಿಯನ್ನು ಹೇಳುವವರು ಕಡಿಮೆ. ವ್ಯವಸಾಯದ ಕೂಲಿಗಾರನು ತನ್ನದಲ್ಲದ ಭೂಮಿಯಲ್ಲಿ ಮನೆ ಮಾಡಿಕೊಂಡು ವಾಸವಾಗಿದ್ದರೆ, ಆ ಮನೆಯೂ ಅದರ ನಿವೇಶನವೂ ಮನೆಯನ್ನು ಅನುಭವಿಸುವದಕ್ಕೆ ಬೇಕಾದಷ್ಟು ಸುತ್ತಲಿನ ನೆಲವೂ ಒಡೆಯನ ಕೈಬಿಟ್ಟು ಸರಕಾರಕ್ಕೆ ಸೇರುವದು. ಕೂಲಿಗಾರನು ಅದರ ಮಾಲೀಕನೆಂದು ನೋಂದಣಿ ಹೊಂದಲು ಹಕ್ಕುಳ್ಳವನಾಗುವನು. ಇದೇ ಆ ವಿಧಿಯ ಸಾರ. ವಾಚಕರು ಇದನ್ನು ಲಕ್ಷ್ಯಕೊಟ್ಟು ಓದಬೇಕು. ಇದು ಬೇರೆ ಕಡೆಯಲ್ಲಿ ಹೊಸ ಮನೆ ಕಟ್ಟಿಕೊಡುವ ಮಾತಲ್ಲ. ಕಟ್ಟಿಕೊಂಡ ಮನೆಯಿಂದ ಯಾರೂ ಎಬ್ಬಿಸದ ಹಾಗೆ ಮಾಡುವ ಮಾತು. ಹೊಸ ಮನೆಗೆ ಕಲ್ಲು, ಮರ, ಹಣ ಬೇಕು. ಇದಕ್ಕೆ ಒಂದು ಕಾಗದವೂ ಅದನ್ನು ಬರೆದುಕೊಡುವ ಧೈರ್ಯವೂ ಸಾಕು. ಇನ್ನೊಂದು ಸಂಗತಿ. ಸ್ವಾತಂತ್ರ್ಯಾನಂತರ ಪರಿಶಿಷ್ಟ ಜಾತಿಯವರಿಗಾಗಿ ಮಾಡಿದ ಅನುಕೂಲಗಳು 1950ರ ರಾಷ್ಟ್ರಪತಿಗಳ ಆಜ್ಞೆಯ ಕಾರಣದಿಂದ ಕ್ರೈಸ್ತರಾದವರಿಗೆ ಸಲ್ಲದೆ ಹೋದವು. ಈ 38ನೆಯ ವಿಧಿಯಾದರೋ ಮನುಷ್ಯನ ಕೈಕೆಲಸವನ್ನು ಕೇಳಿತು. ಅವನು ಯಾವ ಕೇರಿಯವನು, ಆದಿತ್ಯವಾರ ಎಲ್ಲಿಗೆ ಹೋಗುತ್ತಾನೆ ಎಂಬದನ್ನು ಕೇಳಲಿಲ್ಲ.

ಜೀತದ ವಿಷಯದಲ್ಲಿಯೂ ಇದೇ ವಿಚಾರವು ಕಾಣುತ್ತದೆ. 1975ನೆಯ ಅಕ್ಟೋಬರದಲ್ಲಿ ಕೇಂದ್ರ ಸರಕಾರವು ಜೀತಪದ್ಧತಿಯನ್ನು ಸುಗ್ರೀವಾಜ್ಞೆಯಿಂದ ತೆಗೆದುಹಾಕಿತು. 1976ರಲ್ಲಿ ಅದು ಕಾಯಿದೆಯಾಯಿತು. ಅದರ 8ನೆಯ ವಿಧಿಯಂತೆ, ಬಿಡುಗಡೆಯಾದ ಜೀತಗಾರನನ್ನು ಅವನು ಜೀತದ ಪ್ರತಿಫಲವಾಗಿ ವಾಸವಾಗಿದ್ದ ಮನೆಯಿಂದ ಧಣಿಯು ಹೊರಡಿಸಕೂಡದು. ಹೊರಡಿಸಿದರೆ ದಂಡಾಧಿಕಾರಿಯು ಅವನನ್ನು ತಿರುಗಿ ಅದರಲ್ಲಿ ಇರಿಸಬೇಕು. ಈ ವಿಧಿಯನ್ನು ಬರೆದವರು ಹಳ್ಳಿಯನ್ನು ಕಂಡವರೇ ಸರಿ. ಯಾಕಂದರೆ ಧಣಿಯ ಹಿತ್ತಲಲ್ಲಿ ಮಲಗುವವನಿಗೆ ಸ್ವತಂತ್ರನಾಗಿದ್ದೀ ಎಂದು ಮಾತ್ರ ಹೇಳಿದರೆ, ಆ ರಾತ್ರಿ ಹೆಂಡತಿ ಮಕ್ಕಳನ್ನು ಕರಕೊಂಡು ಅವನು ಹೋಗತಕ್ಕದ್ದೆಲ್ಲಿಗೆ? ಅರಸರ ಸರಕಾರವು ಈ ಕಾಯಿದೆಯನ್ನು ನಡಿಸಿದ್ದಲ್ಲದೆ, 1976ರಲ್ಲಿ ತನ್ನದೇ ಆದ ಋಣಪರಿಹಾರದ ಕಾಯಿದೆಯಿಂದ ಸಣ್ಣ ಒಕ್ಕಲಿಗರ, ಭೂಮಿಯಿಲ್ಲದ ಕೂಲಿಗಾರರ ಸಾಲಗಳನ್ನು ತೀರಿದವೆಂದು ಮಾಡಿತು. ಜೀತಕ್ಕೆ ಬೇರು ಸಾಲವೇ ಆಗಿತ್ತಷ್ಟೆ. ಊರ ಹೊರಗೆ ನಿವೇಶನಗಳನ್ನು ಹಂಚುವ, ಸಣ್ಣ ಮನೆಗಳನ್ನು ಕಟ್ಟಿಕೊಡುವ ಕೆಲಸವೂ ಅದೇ ವರುಷಗಳಲ್ಲಿ ನಡೆಯಿತು. ಜನತಾ ಮನೆ ಎಂಬ ಹೆಸರು ಹಳ್ಳಿಯವರ ಬಾಯಲ್ಲಿ ನಿಂತಿತು.

ಇಷ್ಟು ಬರೆದ ಮೇಲೆ ಕುಂದುಗಳನ್ನೂ ಬರೆಯುವದು ನ್ಯಾಯ. ಗೇಣಿದಾರರು ಬಹಳವಿದ್ದ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಈ ಕಾಯಿದೆಯು ಬೇರು ಬಿಟ್ಟ ಹಾಗೆ ನಮ್ಮ ಒಣಸೀಮೆಯಲ್ಲಿ ಬಿಡಲಿಲ್ಲ. ಇಲ್ಲಿ ಪಾಲುಗಾರಿಕೆಯು ಬಾಯಿಮಾತಿನದು, ಸಾಕ್ಷಿ ಹೇಳಬೇಕಾದವರು ಧಣಿಯ ಕಡೆಯವರೇ. ತನ್ನ ಗುಡಿಸಲಿಗಾಗಿ ಮಂಡಳಿಯ ಮುಂದೆ ಹೋಗಿ ನಿಲ್ಲುವ ಕೂಲಿಗಾರನು ಮರುದಿನ ಅದೇ ಧಣಿಯ ಹೊಲಕ್ಕೆ ಹೋಗಬೇಕಾಗಿತ್ತು. 54 ಎಕರೆಗೆ ಮಿಕ್ಕ ಭೂಮಿಯನ್ನು ದೊಡ್ಡವರು ಮಕ್ಕಳು ಮರಿಗಳ ಹೆಸರಿನಲ್ಲಿ ಪಾಲು ಮಾಡಿಟ್ಟದರಿಂದ ಹಂಚುವದಕ್ಕೆ ಸಿಕ್ಕಿದ್ದು ಸ್ವಲ್ಪ. ಅರಸರ ಮೇಲೆಯೂ ಅಪವಾದಗಳು ಹುಟ್ಟಿದವು. 1977ರಲ್ಲಿ ಕೇಂದ್ರ ಸರಕಾರವು ನ್ಯಾಯಮೂರ್ತಿ ಗ್ರೋವರರ ಆಯೋಗವನ್ನು ನೇಮಿಸಿ ವಿಚಾರಣೆ ನಡಿಸಿತು. ಆರೋಪಗಳಲ್ಲಿ ಕೆಲವು ನಿಜವೆಂದು ಆ ಆಯೋಗವು ಕಂಡಿತು. ಬಡವರ ಕೆಲಸವನ್ನು ಮಾಡಿದ ಕೈಯು ಎಲ್ಲದರಲ್ಲಿಯೂ ಶುದ್ಧವಾಗಿತ್ತೆಂದು ನಾವು ಬರೆಯಲಾರೆವು.

1977ರ ಕಡೆಯಲ್ಲಿ ಅವರ ಸರಕಾರವು ಹೋಗಿ, 1978ನೆಯ ಫೆಬ್ರುವರಿಯಲ್ಲಿ ಜನರು ಅವರನ್ನು ತಿರುಗಿ ಆರಿಸಿದರು. 1979ರಲ್ಲಿ ಇಂದಿರಾ ಗಾಂಧಿಯವರಿಗೂ ಅವರಿಗೂ ಮನಸ್ಸು ಮುರಿಯಿತು. 1980ನೆಯ ಜನವರಿಯಲ್ಲಿ ಅಧಿಕಾರವು ಕೈಬಿಟ್ಟಿತು. ಸಂಗಡ ಇದ್ದವರಲ್ಲಿ ಬಹು ಮಂದಿ ಬಿಟ್ಟುಹೋದರು. 1982ನೆಯ ಜೂನ್ 6ರಂದು ಅವರು ತೀರಿಕೊಂಡರು. ಆಗ ಅವರಿಗೆ 66 ವರುಷ ವಯಸ್ಸು.

ಆದರೆ ಆ 38ನೆಯ ವಿಧಿಯ ಕೆಲಸವು ಅವರೊಂದಿಗೆ ತೀರಲಿಲ್ಲ. ಊರ ಗಾವಠಾಣದ ಹೊರಗೆ ತಲೆತಲಾಂತರದಿಂದ ನಿಂತ ಲಂಬಾಣಿ ತಾಂಡಾಗಳೂ ದೊಡ್ಡಿಗಳೂ ಹಟ್ಟಿಗಳೂ ಸರಕಾರದ ನಕ್ಷೆಯಲ್ಲಿ ಊರುಗಳೇ ಆಗಿರಲಿಲ್ಲ. ನೂರು ಮನೆಗಳಿದ್ದರೂ ಅದು ಇನ್ನೊಬ್ಬನ ಹೊಲ, ಇಲ್ಲವೆ ಸರಕಾರದ ಬೀಳು. ಭೀಮಾ ನದಿಯು 2020ನೆಯ ಅಕ್ಟೋಬರದಲ್ಲಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿದ್ದನ್ನು ವಾಚಕರು ಮರೆತಿರಲಾರರು. ಅಂಥ ಹೊಳೆಯು ಗೋಡೆಯನ್ನು ಕೆಡವಿದಾಗ, ಕಾಗದವುಳ್ಳವನು ಮನೆ ಬಿದ್ದವನೆಂದು ಎಣಿಸಲ್ಪಡುವನು. ಕಾಗದವಿಲ್ಲದವನು ಮೊದಲು ತನಗೆ ಮನೆಯಿತ್ತೆಂಬದನ್ನೇ ತೋರಿಸಬೇಕು.

ಈ ಕೊರತೆಯನ್ನು ತುಂಬುವದಕ್ಕಾಗಿ ಕರ್ನಾಟಕದ ವಿಧಾನಮಂಡಲವು ಅರಸರ ಕಾಲದ ವಿಧಿಯ ಪಕ್ಕದಲ್ಲಿಯೇ 38-ಎ ಎಂಬ ಹೊಸ ವಿಧಿಯನ್ನು ಸೇರಿಸಿತು. 2017ರಲ್ಲಿ ಅದು ಕಾಯಿದೆಯಾಯಿತು. ದಾಖಲೆಯಿಲ್ಲದ ವಸತಿಗಳಲ್ಲಿ ಖಾಸಗಿ ಭೂಮಿಯ ಮೇಲೆ ಮನೆ ಮಾಡಿಕೊಂಡಿರುವವರು ಇದರಿಂದ ತಮ್ಮ ಮನೆಯ ಒಡೆಯರಾಗಬಹುದು. ಅದರಂತೆ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ 5 ಜಿಲ್ಲೆಗಳಲ್ಲಿ ಸುಮಾರು 1,475 ವಸತಿಗಳನ್ನು ಕಂದಾಯ ಗ್ರಾಮಗಳೆಂದು ಸಾರಿದರು. 2023ನೆಯ ಜನವರಿ 19ರಂದು ನಮ್ಮ ನೆರೆಯ ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಮಂತ್ರಿಗಳ ಕೈಯಿಂದ ಹಕ್ಕುಪತ್ರಗಳನ್ನು ಹಂಚುವ ಸಭೆ ಕೂಡಿತು. ಹಕ್ಕುಪತ್ರ ಹೊಂದತಕ್ಕವರು 50,000ಕ್ಕೂ ಹೆಚ್ಚು ಕುಟುಂಬದವರು. ಅವರಲ್ಲಿ ಬಹು ಮಂದಿ ತಾಂಡಾದವರು. ಸುಗ್ಗಿಗೆ ಬೀಗ ಹಾಕಿ ಮುಂಬಯಿಗೋ ಪುಣೆಗೋ ಹೋಗುವ ಆ ಜನರು, ಅಂದು ಮಡಿಚಿದ ಕಾಗದವನ್ನು ಸೆರಗಿನಲ್ಲಿಯೂ ಪೇಟದಲ್ಲಿಯೂ ಕಟ್ಟಿಕೊಂಡು ಮನೆಗೆ ತಿರುಗಿರಬೇಕು. ಹೊಸ ಗ್ರಾಮಗಳಲ್ಲಿ ಅಳತೆ, ಚಕ್ಕುಬಂದಿ, ಹೆಸರು ದಾಖಲೆಗಳ ಕೆಲಸವು ತಾಲೂಕು ಕಚೇರಿಗಳಿಗೆ ಸೇರಿದ್ದು. ತಮ್ಮ ವಸತಿಯು ಆ ಯಾದಿಯಲ್ಲಿ ಇಲ್ಲವೆಂದು ಕಂಡವರು ಅಲ್ಲಿ ತಹಶೀಲ್ದಾರರನ್ನು ಕಂಡು ವಿಚಾರಿಸತಕ್ಕದ್ದು.