ಬಾಬಾಸಾಹೇಬರು ಮತ್ತು ಗಲ್ಲು





ಹೋದ ರವಿವಾರ ಮೂಡಲಗಿಯಲ್ಲಿ ನಮ್ಮ ಬಳಗ ಕೂಡಿದಾಗ, ದಲಿತ ಹೆಣ್ಣುಮಗಳೊಬ್ಬಳ ಮೇಲಾದ ಅತ್ಯಾಚಾರದ ಸುದ್ದಿ ಮಾತಿಗೆ ಬಂತು. ಇಂಥವರಿಗೆ ಕೋರ್ಟು, ವಕೀಲರು ಯಾಕೆ, ಸಿಕ್ಕಲ್ಲೇ ಗುಂಡು ಹಾಕಬೇಕು ಎಂದು ಹುಡುಗರು ಅಂದರು. ನಾನೂ ತಲೆಯಾಡಿಸಿದೆ. ಗೋಕಾಕಕ್ಕೆ ಮರಳುವ ಬಸ್ಸಿನಲ್ಲಿ ಯಾಕೋ ನಮ್ಮ ಅಣ್ಣ ನೆನಪಾದ.

ನಾನು ಆರನೇ ಇಯತ್ತೆಯಲ್ಲಿದ್ದಾಗ ಹುಕ್ಕೇರಿ ತಾಲೂಕಿನ ನಮ್ಮ ಊರಲ್ಲಿ ಒಂದು ಕಳವಾಯಿತು. ಪೊಲೀಸರು ಮೊದಲು ಬಂದದ್ದು ನಮ್ಮ ಕೇರಿಗೇ. ಅಣ್ಣನನ್ನು ಎರಡು ರಾತ್ರಿ ಠಾಣೆಯಲ್ಲಿ ಕೂರಿಸಿಕೊಂಡರು. ಕೇಸೂ ಇಲ್ಲ, ಕಾಗದವೂ ಇಲ್ಲ. ಅವ್ವ ಬುತ್ತಿಗಂಟು ಹಿಡಿದು ಹೊರಗೆ ಕೂತಿದ್ದಳು. ಮೂರನೆಯ ದಿನ, ಕದ್ದವನು ಬೇರೆಯವನೆಂದು ಗೊತ್ತಾದ ಮೇಲೆ ಬಿಟ್ಟರು. ಅವತ್ತು ಪೊಲೀಸರಿಗೆ ಸಿಕ್ಕಲ್ಲೇ ಗುಂಡು ಹಾಕುವ ಅಧಿಕಾರ ಇದ್ದಿದ್ದರೆ?

ಬಾಬಾಸಾಹೇಬರನ್ನು ಸಂವಿಧಾನ ಶಿಲ್ಪಿ ಎಂದು ನೆನೆಯುತ್ತೇವೆ. ಆರೋಪಿಗಳ ಪರ ನಿಂತ ವಕೀಲರೂ ಅವರೇ ಎಂಬುದು ನಮ್ಮ ಭಾಷಣಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದು 1923ರಲ್ಲಿ ಮುಂಬಯಿಯಲ್ಲಿ ವಕೀಲಿ ಶುರು ಮಾಡಿದರು. 1925ರಲ್ಲಿ ನಮ್ಮ ಪಕ್ಕದ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದಾಗ ಅವರ ವಕೀಲಿಗೆ ಎರಡು ವರ್ಷವೂ ತುಂಬಿರಲಿಲ್ಲ. ಮರುವರ್ಷ, ‘ದೇಶಾಚೆ ದುಷ್ಮನ್’ ಎಂಬ ಮರಾಠಿ ಪುಸ್ತಕಕ್ಕಾಗಿ ಶಿಕ್ಷೆಗೊಳಗಾದ ಬ್ರಾಹ್ಮಣೇತರ ಮುಖಂಡರ ಪರವಾಗಿ ಮೇಲ್ಮನವಿಯಲ್ಲಿ ವಾದಿಸಿ ಅವರನ್ನು ಬಿಡಿಸಿದರು.

1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ ನಮ್ಮ ಜನರ ಮೇಲೆ ಸವರ್ಣೀಯರು ಬಿದ್ದು ಹೊಡೆದರು. ಅಂದು ಸಿಟ್ಟಿಗೆದ್ದ ತಮ್ಮವರನ್ನು ಬಾಬಾಸಾಹೇಬರು ತಡೆದು ನಿಲ್ಲಿಸಿದರು. ಪ್ರಕರಣ ಕೋರ್ಟಿಗೆ ಹೋಗಿ, ಜೂನ್ ತಿಂಗಳಲ್ಲಿ ಐವರಿಗೆ ನಾಲ್ಕು ತಿಂಗಳ ಕಠಿಣ ಸಜೆಯಾಯಿತು. ಆಗ ಅವರು ಕಂಡುಕೊಂಡ ಮಾತು ಬಹಳ ಕಹಿಯಾದದ್ದು: ಜಿಲ್ಲೆಯ ಮುಖ್ಯ ಅಧಿಕಾರಿಗಳು ಹಿಂದೂಗಳಾಗಿದ್ದರೆ ಇಷ್ಟೂ ನ್ಯಾಯ ಸಿಗುತ್ತಿರಲಿಲ್ಲ. ಕಾನೂನಿನ ಪುಸ್ತಕದಲ್ಲಿ ಏನಿದೆ ಎಂಬುದರಷ್ಟೇ, ಕುರ್ಚಿಯಲ್ಲಿ ಯಾರಿದ್ದಾರೆ ಎಂಬುದನ್ನೂ ಅವರು ನೋಡುತ್ತಿದ್ದರು.

ಮುಂದೆ ಸಂವಿಧಾನ ಬರೆಯುವ ಹೊಣೆ ಬಂದಾಗ ಇದನ್ನು ಅವರು ಮರೆತಿರಲಿಲ್ಲ ಅಂತ ನನಗನಿಸುತ್ತದೆ. 17ನೇ ವಿಧಿಯಲ್ಲಿ ಅಸ್ಪೃಶ್ಯತೆಯ ಆಚರಣೆ ಅಪರಾಧವಾಯಿತು. ಅದರ ಜೊತೆಗೇ 22ನೇ ವಿಧಿಯೂ ಇದೆ. ಬಂಧಿಸಿದವನಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಈ ಮಾತು ಮೊದಲೇ ಕಾನೂನಿನಲ್ಲಿತ್ತು. ಸರಕಾರ ಬದಲಾದಂತೆ ಯಾರೂ ತೆಗೆದುಹಾಕಬಾರದೆಂದು 1949ರ ಸೆಪ್ಟೆಂಬರ್‌ನಲ್ಲಿ ಅವರು ಅದನ್ನು ಸಂವಿಧಾನಕ್ಕೇ ಸೇರಿಸಿದರು. ಅದೇ ವಿಧಿಯಲ್ಲಿ ವಿಚಾರಣೆಯಿಲ್ಲದೆ ಮುಂಜಾಗ್ರತೆಯ ಬಂಧನಕ್ಕೂ ಜಾಗ ಇದೆ. ಅದು ನನಗೆ ಇವತ್ತಿಗೂ ನುಂಗಲಾರದ ತುತ್ತು, ಬಾಬಾಸಾಹೇಬರೇ ಮಂಡಿಸಿದ್ದಾದರೂ.

ಅದಕ್ಕೂ ಮೂರು ತಿಂಗಳ ಹಿಂದೆ, ಜೂನ್ 3ರಂದು, ಮರಣದಂಡನೆಯಾದವರಿಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಇರಬೇಕೇ ಎಂಬ ಚರ್ಚೆ ನಡೆದಿತ್ತು. ಅದಕ್ಕಿಂತ ಗಲ್ಲನ್ನೇ ತೆಗೆದುಹಾಕುವುದು ಲೇಸು ಎಂಬುದು ಅವರ ನಿಲುವಾಗಿತ್ತು. ಅಹಿಂಸೆಯನ್ನು ಎಲ್ಲರೂ ಪಾಲಿಸದಿದ್ದರೂ ಈ ದೇಶ ಅದನ್ನು ನೀತಿಯೆಂದು ನಂಬಿದೆ ಎಂಬುದು ಅವರು ಕೊಟ್ಟ ಕಾರಣ. ಸಭೆ ಆ ದಾರಿ ಹಿಡಿಯಲಿಲ್ಲ. ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನೇಣುಗಂಬ ಉಳಿಯಿತು.

ಹಾಗಂತ ಅಪರಾಧಿಯನ್ನು ಸುಮ್ಮನೆ ಬಿಡಬೇಕೆಂದು ಅವರು ಎಂದೂ ಹೇಳಲಿಲ್ಲ. ಅವರ ಪರಿನಿಬ್ಬಾಣದ ನಂತರ, 1957ರಲ್ಲಿ ಹೊರಬಂದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ವೈಶಾಲಿಯ ಸೇನಾಪತಿ ಬುದ್ಧರನ್ನು ಇದನ್ನೇ ಕೇಳುತ್ತಾನೆ. ತಪ್ಪು ಮಾಡಿದವನಿಗೆ ಶಿಕ್ಷೆ ಆಗಲೇಬೇಕು, ಆದರೆ ಶಿಕ್ಷಿಸುವವನ ಮನಸ್ಸಿನಲ್ಲಿ ದ್ವೇಷವಿರಬಾರದು ಎಂಬ ಅರ್ಥದ ಉತ್ತರ ಬರುತ್ತದೆ. ಅದೇ ಪುಸ್ತಕದಲ್ಲಿ ಅಂಗುಲಿಮಾಲನೂ ಇದ್ದಾನೆ.

ಆ ಹೆಣ್ಣುಮಗಳ ಮನೆಯವರ ಮುಂದೆ ಕೂತು ನಾನು ಇದನ್ನೆಲ್ಲ ಹೇಳಬಲ್ಲೆನೇ? ಗೊತ್ತಿಲ್ಲ. ಮೊನ್ನೆ ರಾತ್ರಿ ಅಣ್ಣನಿಗೆ ಫೋನು ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ಕೇಸು ಬೇಗ ನಡೆಯಲಿ, ಸಾಕ್ಷಿದಾರರನ್ನು ಯಾರೂ ಹೆದರಿಸದಂಗ ನಾವು ಜೊತೆಗೆ ಹೋಗಿ ನಿಲ್ಲೋಣ ಅಂದ.

ಬರುವ ರವಿವಾರ ಹುಕ್ಕೇರಿಯಲ್ಲಿ ಕೂಡೋಣ. ಸೇನಾಪತಿಯ ಭಾಗ ಓದುವ ಸರದಿ ನನ್ನದು. ಪುಸ್ತಕ ಇದ್ದವರು ತನ್ನಿ. ಅಣ್ಣನೂ ಬರುತ್ತಾನೆ.

ಜೈಭೀಮ್.