ರಹೀಂ ಸಾಹೇಬರು ಆಟಗಾರನನ್ನು ಅಳೆದ ಬಗೆ

ಆನಗೋಡಿನಲ್ಲಿ ಹೆದ್ದಾರಿ ಪಕ್ಕ ನನ್ನ ತಂಗಿಯ ಮನೆಯವರದ್ದೊಂದು ಬೇಕರಿ ಇದೆ. ಕರಾವಳಿ ಬಿಟ್ಟು ಘಟ್ಟ ಹತ್ತಿ ಬಂದು ನೆಲೆ ನಿಂತವರು. ಕಳೆದ ಸಲ ಹೋದಾಗ ಅವಳ ದೊಡ್ಡ ಮಗ ಮುಖ ಊದಿಸಿಕೊಂಡು ಕೂತಿದ್ದ. ದಾವಣಗೆರೆಯಲ್ಲಿ ಒಂದು ಫುಟ್ಬಾಲ್ ತಂಡದ ಆಯ್ಕೆಗೆ ಹೋಗಿದ್ದನಂತೆ. ಮೈದಾನಕ್ಕೆ ಇಳಿಸುವ ಮೊದಲೇ ಒಂದು ಫಾರಂ ಕೊಟ್ಟಿದ್ದಾರೆ. ಎಷ್ಟು ಪಂದ್ಯ ಆಡಿದ್ದೀಯ, ಎಷ್ಟು ಗೋಲು ಹೊಡೆದಿದ್ದೀಯ, ಗೋಲಿಗೆ ಎಷ್ಟು ಪಾಸ್ ಕೊಟ್ಟಿದ್ದೀಯ, ಅಷ್ಟೇ ಕಾಲಂ. ಹುಡುಗ ಆಡುವುದು ಬ್ಯಾಕ್. ಗೋಲಿನ ಜಾಗದಲ್ಲೂ ಸೊನ್ನೆ, ಪಾಸಿನ ಜಾಗದಲ್ಲೂ ಸೊನ್ನೆ. ಹದಿನೈದು ನಿಮಿಷ ಆಡಿಸಿ ವಾಪಸ್ ಕಳಿಸಿದರು. ಒಳ್ಳೆಯ ಆಟಗಾರನೋ ಅಲ್ಲವೋ ನನಗೆ ಗೊತ್ತಿಲ್ಲ, ಸೋದರಮಾವನ ಕಣ್ಣು ನಂಬುವಂಥದ್ದಲ್ಲ. ಆದರೆ ಬ್ಯಾಕ್ ಆಡುವವನನ್ನು ಗೋಲಿನ ಲೆಕ್ಕ ಕೇಳಿದರೆ ಅವನಾದರೂ ಏನು ಬರೀಬೇಕು?

ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಮಾತು ಸೈಯದ್ ಅಬ್ದುಲ್ ರಹೀಂ ಅವರ ಕಡೆ ತಿರುಗಿತು. ಹುಡುಗ 2024ರಲ್ಲಿ ಬಂದ ‘ಮೈದಾನ್’ ಸಿನಿಮಾ ನೋಡಿದ್ದ, ಅಜಯ್ ದೇವಗನ್ ಆ ಪಾತ್ರ ಮಾಡಿದ್ದು. ಸಿನಿಮಾದಲ್ಲಿ ರಹೀಂ ಸಾಹೇಬರು ಸಿಗರೇಟು ಸೇದುತ್ತಾ ಆಟ ನೋಡುವುದೇ ಹೆಚ್ಚು. ಅವರು ಆಟಗಾರನಲ್ಲಿ ಏನನ್ನು ನೋಡುತ್ತಿದ್ದರು ಅನ್ನುವುದು ನಮಗೆ ಬೇಕಾದ ವಿಷಯ.

1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಹುಟ್ಟಿದವರು. ಆಗ ನಮ್ಮ ಕಲಬುರಗಿ, ರಾಯಚೂರು, ಬೀದರ್ ಎಲ್ಲ ಅದೇ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿಯ ತಂಡಕ್ಕೆ ಆಡಿದರು. ಹೊಟ್ಟೆಪಾಡಿಗೆ ಹಿಡಿದದ್ದು ಶಾಲಾ ಮೇಷ್ಟ್ರ ಕೆಲಸ. ಹೈದರಾಬಾದಿನ ಒಂದಲ್ಲ, ಹಲವು ಶಾಲೆಗಳಲ್ಲಿ ಪಾಠ ಹೇಳಿದರು, ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡರು. ಆಟಗಾರರಾಗಿ ದೊಡ್ಡ ಹೆಸರೇನೂ ಅವರದ್ದಲ್ಲ. ಅವರ ಸ್ವಂತ ಗೋಲುಗಳನ್ನು ಹುಡುಕಿ ಹೊರಟರೆ ಈ ಬರಹ ಇಲ್ಲಿಗೇ ಮುಗಿಯುತ್ತದೆ.

1943ರ ಹೊತ್ತಿಗೆ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿ, 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್. ಎರಡನ್ನೂ ಸಾಯುವವರೆಗೆ ಬಿಡಲಿಲ್ಲ. ಆ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳಿಗೆ ಇದು ನುಂಗಲಾರದ ತುತ್ತು.

ಮೇಷ್ಟ್ರ ಬುದ್ಧಿ ಅವರ ತರಬೇತಿಯಲ್ಲಿ ಎದ್ದು ಕಾಣುತ್ತಿತ್ತು. ಹುಡುಗರಿಗೆ ವಿಚಿತ್ರ ಟೂರ್ನಮೆಂಟುಗಳನ್ನು ಇಡುತ್ತಿದ್ದರು. ಒಂದರಲ್ಲಿ ಡ್ರಿಬ್ಲಿಂಗ್ ಮಾಡುವ ಹಾಗಿಲ್ಲ, ಚೆಂಡು ಬಂದ ಕೂಡಲೇ ಪಾಸ್ ಕೊಡಬೇಕು. ಇನ್ನೊಂದರಲ್ಲಿ ಸೋತ ಕಾಲಿನಿಂದಲೇ ಆಡಬೇಕು, ಅಂದರೆ ಬಲಗಾಲಿನವನು ಎಡಗಾಲಿನಲ್ಲಿ. ಇಂಥ ಆಟದಲ್ಲಿ ಗೋಲು ಎಷ್ಟು ಬಂತು ಅನ್ನುವುದಕ್ಕೆ ಅರ್ಥವೇ ಇಲ್ಲ. ಯಾರು ಬೇಗ ಯೋಚನೆ ಮಾಡುತ್ತಾನೆ, ಯಾರು ತನ್ನ ಕುಂದನ್ನು ತಿದ್ದಿಕೊಳ್ಳುತ್ತಾನೆ ಎನ್ನುವುದು ಮಾತ್ರ ಹೊರಗೆ ಬೀಳುತ್ತದೆ. ಪರೀಕ್ಷೆಯ ಅಂಕ ಬೇರೆ, ಹುಡುಗನ ಬುದ್ಧಿ ಬೇರೆ ಅಂತ ಮೇಷ್ಟ್ರಾದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಕಂದರಾಬಾದ್ ಕಡೆಯ ಬಡ ಹುಡುಗ ತುಳಸಿದಾಸ್ ಬಲರಾಂ ತರಬೇತಿಗೆ ಬರಲು ದಾರಿ ಖರ್ಚಿಲ್ಲ ಅಂದಾಗ, ಸೈಕಲ್ ಬಾಡಿಗೆಗೆ ದುಡ್ಡು ಕೊಟ್ಟು ಕರೆಸಿಕೊಂಡವರು ಇದೇ ರಹೀಂ. ಮುಂದೆ ಆ ಬಲರಾಂ ಎರಡು ಒಲಿಂಪಿಕ್ಸ್ ತಂಡಗಳಲ್ಲಿದ್ದರು.

ಹಾಗಂತ ಸಾಹೇಬರಿಗೆ ಅಂಕಿ ಬೇಡವಾಗಿತ್ತು ಅಂದುಕೊಳ್ಳಬೇಡಿ. ಅವರ ಬದುಕಿನ ಅತಿ ಕಹಿ ಪಾಠ ಒಂದು ಅಂಕಿಯಿಂದಲೇ ಬಂತು. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಅವರ ಭಾರತ ತಂಡ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತ್ತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಎದುರಾಳಿ ಯುಗೊಸ್ಲಾವಿಯಾ. ಆ ಚಳಿಯ ದೇಶದಲ್ಲಿ ನಮ್ಮ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫಲಿತಾಂಶ 10-1. ಭಾರತದ ಆ ಒಂದು ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಅಹ್ಮದ್ ಖಾನ್.

ಇಂಥ ಅಂಕಿಯನ್ನು ಯಾವ ನೆಪದಿಂದಲೂ ಮುಚ್ಚಲು ಆಗುವುದಿಲ್ಲ. ಏಷ್ಯಾದ ಚಾಂಪಿಯನ್ನರು ಅನ್ನುವ ಹೆಮ್ಮೆ, ಬರಿಗಾಲಿನ ಆಟದ ಚೆಂದ ಎಲ್ಲವನ್ನೂ ಅದು ಒಂದೇ ಏಟಿಗೆ ನೆಲಕ್ಕೆ ಹಾಕಿತು. ಭಾರತದ ಫುಟ್ಬಾಲ್ ಸಂಸ್ಥೆ ಬೂಟು ಕಡ್ಡಾಯ ಮಾಡಿದ್ದು ಅದಾದ ಮೇಲೆ. ರಹೀಂ ಕೂಡ ಹಂಗೇರಿಯಂಥ ತಂಡಗಳ ಆಟದ ರೀತಿಯನ್ನು ಕೂತು ಕಲಿತರು. 10-1 ಅನ್ನುವ ಲೆಕ್ಕ ಇರದಿದ್ದರೆ, ಸ್ವಲ್ಪದರಲ್ಲಿ ಸೋತೆವು ಅಂತಲೇ ನಾವು ಇನ್ನೂ ಕಥೆ ಕಟ್ಟುತ್ತಿದ್ದೆವೋ ಏನೋ.

ಆದರೆ ಅದೇ ಅಂಕಿ ಅಹ್ಮದ್ ಖಾನರ ಬಗ್ಗೆ ಏನು ಹೇಳುತ್ತದೆ? ಬಹಳ ಕಡಿಮೆ. ಅವರು ಈಸ್ಟ್ ಬೆಂಗಾಲ್‌ನ ಪಂಚಪಾಂಡವರು ಎಂದೇ ಹೆಸರಾದ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರು. ಅಪ್ಪಾ ರಾವ್, ವೆಂಕಟೇಶ್, ಧನರಾಜ್, ಸಾಲೇ ಉಳಿದವರು. ಚೆಂಡು ಕಾಲಿಗೆ ಅಂಟಿಕೊಂಡಂತೆ ಆಡುತ್ತಿದ್ದುದರಿಂದ ಅವರನ್ನು ಹಾವಾಡಿಗ ಅಂತ ಕರೆಯುತ್ತಿದ್ದರು. ಎದುರಾಳಿಯ ಇಬ್ಬರನ್ನು ತನ್ನ ಕಡೆ ಎಳೆದುಕೊಂಡು ಗೆಳೆಯನಿಗೆ ಜಾಗ ಮಾಡಿಕೊಟ್ಟರೆ ಆ ಕಾಲದಲ್ಲಿ ಅದನ್ನು ಬರೆದಿಡುವವರು ಯಾರಿದ್ದರು? ಕಾಗದದಲ್ಲಿ ಉಳಿದದ್ದು ಗೋಲು ಹೊಡೆದವನ ಹೆಸರು ಮಾತ್ರ.

ಬರೆದಿಡುವವನೊಬ್ಬ ಇಂಗ್ಲೆಂಡಿನಲ್ಲಿದ್ದ ಅನ್ನುವುದು ಸ್ವಾರಸ್ಯ. ರಹೀಂ ಪೊಲೀಸ್ ತಂಡದ ಕೋಚ್ ಆದ ಅದೇ 1950ರಲ್ಲಿ, ಮಾರ್ಚ್ 18ರಂದು, ಅಲ್ಲಿಯ ವಾಯುಪಡೆಯ ಲೆಕ್ಕಪತ್ರ ವಿಭಾಗದ ಚಾರ್ಲ್ಸ್ ರೀಪ್ ಎಂಬವರು ಸ್ವಿಂಡನ್ ಟೌನ್ ತಂಡದ ಪಂದ್ಯ ನೋಡಲು ಹೋಗಿದ್ದರು. ದ್ವಿತೀಯಾರ್ಧದಲ್ಲಿ ನೋಟ್‌ಬುಕ್ ತೆಗೆದು ತಂಡದ ಒಂದೊಂದು ದಾಳಿಯನ್ನೂ ಗುರುತು ಹಾಕತೊಡಗಿದರು. ಆಮೇಲೆ ಜೀವನವಿಡೀ ಅದೇ ಕೆಲಸ. ರಾತ್ರಿ ಪಂದ್ಯಗಳಲ್ಲಿ ಬರೆಯಲು ಬೆಳಕು ಬೇಕೆಂದು ಗಣಿ ಕಾರ್ಮಿಕರ ದೀಪದ ಟೊಪ್ಪಿ ಹಾಕಿಕೊಂಡು ಕೂರುತ್ತಿದ್ದರಂತೆ! ಫುಟ್ಬಾಲ್ ಅಂಕಿಅಂಶಕ್ಕೆ ದಾರಿ ಹಾಕಿದವರಲ್ಲಿ ಅವರೇ ಮೊದಲಿಗರು. ಅವರ ಶ್ರಮಕ್ಕೆ ಸಲಾಂ ಹೇಳಲೇಬೇಕು.

ಸಾವಿರಾರು ದಾಳಿ ಎಣಿಸಿ ರೀಪ್ ಕಂಡುಕೊಂಡದ್ದು ಇಷ್ಟು: ನೂರು ಗೋಲಿನಲ್ಲಿ ಸುಮಾರು 80 ಗೋಲು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸಿನ ದಾಳಿಯಿಂದ ಬರುತ್ತವೆ. ಹಾಗಾದರೆ ಹೆಚ್ಚು ಪಾಸ್ ಮಾಡುವುದು ದಂಡ, ಚೆಂಡನ್ನು ಉದ್ದಕ್ಕೆ ಬಾರಿಸಿ ಓಡಿ ಅಂದರು. ಇಂಗ್ಲೆಂಡಿನ ಎಷ್ಟೋ ತಂಡಗಳು ಹಾಗೇ ಆಡಿದವು. ತಪ್ಪಾದದ್ದು ಎಲ್ಲಿ ಗೊತ್ತಾ? ಫುಟ್ಬಾಲಿನಲ್ಲಿ ನೂರು ದಾಳಿ ನಡೆದರೆ 90ಕ್ಕೂ ಹೆಚ್ಚು ದಾಳಿ ಮೂರು ಪಾಸಿನೊಳಗೇ ಮುಗಿದು ಹೋಗುತ್ತವೆ. ನಮ್ಮ ಬೇಕರಿಗೆ ಬರುವವರಲ್ಲಿ ನೂರಕ್ಕೆ 90 ಮಂದಿ ಚಹಾ ಕುಡಿಯುವವರು, ಆದರೆ ಗಲ್ಲಾಪೆಟ್ಟಿಗೆಯ ನೂರು ರೂಪಾಯಿಯಲ್ಲಿ ಅವರಿಂದ ಬಂದದ್ದು 80 ರೂಪಾಯಿ ಅಂತಿಟ್ಟುಕೊಳ್ಳಿ. ಉಳಿದ ಹತ್ತೇ ಮಂದಿ 20 ರೂಪಾಯಿ ಕೊಟ್ಟ ಹಾಗಾಯಿತು. ತಲೆಗೆ ಲೆಕ್ಕ ಹಾಕಿದರೆ ಜಾಸ್ತಿ ಕೊಟ್ಟವರು ಆ ಹತ್ತು ಮಂದಿಯೇ ಅಲ್ವಾ? ಹಾಗೆಯೇ ಹೆಚ್ಚು ಪಾಸಿನ ದಾಳಿಗಳು ಸಂಖ್ಯೆಯಲ್ಲಿ ಕಡಿಮೆ, ಫಲದಲ್ಲಿ ಹೆಚ್ಚು. ರೀಪ್ ಎಣಿಸಿದ್ದು ಸರಿಯಾಗಿಯೇ ಇತ್ತು, ಯಾವುದಕ್ಕೆ ಯಾವುದನ್ನು ಭಾಗಿಸಬೇಕು ಅನ್ನುವಲ್ಲಿ ಎಡವಿದರು. ತಂಗಿಗೆ ಇದು ತಕ್ಷಣ ಅರ್ಥ ಆಯಿತು, ಗಲ್ಲಾದಲ್ಲಿ ಕೂರುವವಳು ಅವಳೇ.

ಈಗ ಮತ್ತೆ ರಹೀಂ ಸಾಹೇಬರ ಕಡೆ ಬರುವಾ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ ನಾಲ್ಕನೇ ಸ್ಥಾನ ಪಡೆಯಿತು. ಇವತ್ತಿಗೂ ಅದೇ ಭಾರತದ ಶ್ರೇಷ್ಠ ಒಲಿಂಪಿಕ್ ಸಾಧನೆ. ಹಂಗೇರಿ ಬಾರದ್ದರಿಂದ ಮೊದಲ ಸುತ್ತು ಆಡದೆಯೇ ಮುಂದೆ ಹೋದರು. ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದರು, ನೆವಿಲ್ ಡಿಸೋಜ ಮೂರು ಗೋಲು. ಸೆಮಿಫೈನಲ್‌ನಲ್ಲಿ ಮತ್ತೆ ಯುಗೊಸ್ಲಾವಿಯಾ. ಈ ಸಲ ಮೊದಲ ಗೋಲು ಭಾರತದ್ದೇ, ಕೊನೆಗೆ 4-1ರಿಂದ ಸೋಲು. ಬಲ್ಗೇರಿಯಾ ಎದುರು 3-0 ಸೋಲು. ಅಂದರೆ ಒಂದೇ ಒಂದು ಪಂದ್ಯ ಗೆದ್ದು ನಾಲ್ಕನೆಯವರಾದರು. 1960ರ ರೋಮ್‌ನಲ್ಲಿ ಹಂಗೇರಿಗೆ 2-1ರಿಂದ ಸೋತರು, ಫ್ರಾನ್ಸ್ ಜೊತೆ 1-1 ಸಮ, ಪೆರು ಎದುರು 3-1 ಸೋಲು. ಗುಂಪಿನಲ್ಲಿ ಕೊನೆಯ ಸ್ಥಾನ. ಪಟ್ಟಿ ಮಾತ್ರ ನೋಡಿದವನಿಗೆ 1956ರದ್ದು ಸಿಂಹ, 1960ರದ್ದು ಇಲಿ. ಆದರೆ ಆ ಸಲ ಕಂಚು ಗೆದ್ದ ಹಂಗೇರಿಗೆ ಒಂದೇ ಗೋಲಿನಿಂದ ಸೋತು, ಫ್ರಾನ್ಸನ್ನು ತಡೆದು ನಿಲ್ಲಿಸಿದ ತಂಡ ಅದು. ಎರಡರಲ್ಲಿ ಒಂದನ್ನು ಆರಿಸಿ ಅಂದರೆ ನಾನು ರೋಮ್ ತಂಡವನ್ನೇ ಆರಿಸುತ್ತೇನೆ.

ಎರಡೂ ತಂಡಗಳಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು, ಹಾಫ್ ಬ್ಯಾಕ್. ಮೆಲ್ಬರ್ನ್‌ನಲ್ಲಿ ಕೋಝಿಕ್ಕೋಡಿನ ಅಬ್ದುಲ್ ರಹ್ಮಾನ್ ಇದ್ದರು, ಇವರೂ ರಕ್ಷಣೆಯವರು. ಒಲಿಂಪಿಯನ್ ರಹ್ಮಾನ್ ಅಂದರೆ ಮಲಬಾರಿನಲ್ಲಿ ಇವತ್ತಿಗೂ ಗೊತ್ತು. ಆ ಎರಡು ಒಲಿಂಪಿಕ್ಸ್‌ನ ಗೋಲಿನ ಪಟ್ಟಿಯಲ್ಲಿ ಇವರಿಬ್ಬರೂ ಸಿಗುವುದಿಲ್ಲ. ಆನಗೋಡಿನ ಹುಡುಗ ಇಲ್ಲಿ ಸ್ವಲ್ಪ ಎದ್ದು ಕೂತ.

ಅತಿ ದೊಡ್ಡ ಪರೀಕ್ಷೆ 1962ರ ಜಕಾರ್ತ ಏಷ್ಯನ್ ಗೇಮ್ಸ್. ಆ ಹೊತ್ತಿಗೆ ಸಾಹೇಬರ ಶ್ವಾಸಕೋಶಕ್ಕೆ ಕ್ಯಾನ್ಸರ್ ಹತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಥಾಯ್ಲೆಂಡ್ ವಿರುದ್ಧ 4-1ರಿಂದ ಗೆದ್ದರೂ ರಕ್ಷಣೆಯ ಗೋಡೆಯಂತಿದ್ದ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡು ಆರು ಹೊಲಿಗೆ ಹಾಕಿಸಿಕೊಂಡರು. ಜಪಾನ್ ವಿರುದ್ಧದ ಪಂದ್ಯ ಅವರಿಲ್ಲದೆ 2-0 ಗೆಲುವು. ಸೆಮಿಫೈನಲ್‌ಗೆ ರಹೀಂ ಆ ಗಾಯಾಳುವನ್ನು ಮತ್ತೆ ಇಳಿಸಿದರು. ಆದರೆ ಬ್ಯಾಕ್ ಆಗಿ ಅಲ್ಲ, ಸೆಂಟರ್ ಫಾರ್ವರ್ಡ್ ಆಗಿ!

ಇವತ್ತಿನ ಕಂಪ್ಯೂಟರಿಗೆ ಕೇಳಿದ್ದರೆ ಬೇಡ ಅನ್ನುತ್ತಿತ್ತು. ದೇಶಕ್ಕಾಗಿ ಬ್ಯಾಕ್ ಆಡಿದವನ ಲೆಕ್ಕದಲ್ಲಿ ಮುಂದಿನ ಸಾಲಿಗೆ ಬೇಕಾದ ಅಂಕಿ ಎಲ್ಲಿಂದ ಬರಬೇಕು? ರಹೀಂ ನೋಡಿದ್ದು ಆ ಸರ್ದಾರ್‌ಜಿಯ ಎತ್ತರ, ಮೈಕಟ್ಟು, ಹೆದರದ ಗುಂಡಿಗೆ. ದಕ್ಷಿಣ ವಿಯೆಟ್ನಾಂ ವಿರುದ್ಧ 3-2 ಗೆಲುವು, ಜರ್ನೈಲ್ ಒಂದು ಗೋಲು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಿಗೆ ನಿಂತದ್ದು ಮೊದಲು ಸೋಲಿಸಿದ್ದ ಅದೇ ದಕ್ಷಿಣ ಕೊರಿಯಾ. ಗೋಲ್‌ಕೀಪರ್ ಪ್ರದ್ಯುತ್ ಬರ್ಮನ್ ಅವರನ್ನು ಕೂರಿಸಿ, ಜ್ವರದಿಂದ ಎದ್ದ ಪೀಟರ್ ತಂಗರಾಜ್ ಅವರನ್ನು ನಿಲ್ಲಿಸಿದರು. ತಂಗರಾಜ್ ಎತ್ತರದ ಆಳು. ರಾಜಕೀಯ ಕಾರಣಕ್ಕೆ ಭಾರತದ ಮೇಲೆ ಸಿಟ್ಟಾಗಿದ್ದ ತುಂಬಿದ ಕ್ರೀಡಾಂಗಣ ಪಂದ್ಯವಿಡೀ ಕೂಗಾಡಿತು. 17ನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ, 20ನೇ ನಿಮಿಷಕ್ಕೆ ಜರ್ನೈಲ್ ಸಿಂಗ್. ಕೊರಿಯಾ ಕೊನೆಯಲ್ಲಿ ಒಂದು ಹೊಡೆಯಿತು. 2-1, ಚಿನ್ನ.

ಬರ್ಮನ್ ಅವರಿಗೆ ಎಷ್ಟು ನೋವಾಗಿರಬಹುದು ಅಂತಲೂ ನನಗೆ ಅನ್ನಿಸುತ್ತದೆ. ಕಣ್ಣಳತೆಯ ತೊಂದರೆ ಇದೇ. ನಿನ್ನನ್ನು ಯಾಕೆ ಬಿಟ್ಟೆ ಅಂತ ತೋರಿಸಲು ಕೈಯಲ್ಲಿ ಕಾಗದ ಇರುವುದಿಲ್ಲ. ರಹೀಂ ಸಾಹೇಬರಂಥವರ ಕಣ್ಣಾದರೆ ಸರಿ. ಕಣ್ಣಿನ ಹೆಸರಲ್ಲಿ ಪರಿಚಯದವರ ಮಗನನ್ನು ಆರಿಸುವವರೂ ಇದ್ದಾರಲ್ಲ, ಅಲ್ಲಿ ಅಂಕಿಯೇ ಬಡವನ ಮಗನಿಗೆ ಆಸರೆ. ಸಾಹೇಬರ ಸ್ವಂತ ಮಗ ಸೈಯದ್ ಶಾಹಿದ್ ಹಕೀಂ 1960ರ ರೋಮ್ ತಂಡದಲ್ಲಿದ್ದರು. ಆಡಿದ ಹನ್ನೊಂದರೊಳಗೆ ಮಾತ್ರ ಅವರಿಗೆ ಒಂದು ಪಂದ್ಯಕ್ಕೂ ಜಾಗ ಸಿಗಲಿಲ್ಲ. ಕೋಚ್ ಅಪ್ಪನೇ. ಹಕೀಂ ಮುಂದೆ ವಾಯುಪಡೆಯ ಅಧಿಕಾರಿಯಾದರು, ಅಂತರರಾಷ್ಟ್ರೀಯ ರೆಫ್ರಿಯಾದರು, 2021ರ ಆಗಸ್ಟ್‌ನಲ್ಲಿ ನಮ್ಮ ಕಲಬುರಗಿಯಲ್ಲಿ ತೀರಿಕೊಂಡರು.

ರಹೀಂ ಸಾಹೇಬರು ಜಕಾರ್ತದ ಚಿನ್ನದ ನಂತರ ಹೆಚ್ಚು ದಿನ ಬದುಕಲಿಲ್ಲ. 1963ರ ಜೂನ್ 11ರಂದು ಮರ್ಹೂಂ ಆದರು, ವಯಸ್ಸು 53. ಭಾರತಕ್ಕೆ ಆಮೇಲೆ ಏಷ್ಯನ್ ಗೇಮ್ಸ್ ಫುಟ್ಬಾಲಿನಲ್ಲಿ ಚಿನ್ನ ಬಂದಿಲ್ಲ.

ಮುಂದಿನ ಭಾನುವಾರ ಹರಿಹರದಲ್ಲಿ ಹುಡುಗನಿಗೆ ಒಂದು ಪಂದ್ಯವಿತ್ತು. ನಾನೂ ಹೋದೆ, ಕೈಯಲ್ಲಿ ಬೇಕರಿಯ ಬಿಲ್ ಬುಕ್. ಗೋಲು, ಪಾಸ್ ಬಿಟ್ಟು ಅವನು ಎಷ್ಟು ಸಲ ಚೆಂಡು ತಡೆದ, ಎಷ್ಟು ಸಲ ಸರಿಯಾದ ಜಾಗದಲ್ಲಿ ನಿಂತಿದ್ದ ಅಂತ ಬರೆಯುವಾ ಅಂದುಕೊಂಡೆ. ಚೆಂಡು ತಡೆದದ್ದು ಮೊದಲರ್ಧದಲ್ಲಿ ಏಳು ಗೆರೆ ಆಯಿತು. ಜಾಗದ ಲೆಕ್ಕ ಮಾತ್ರ ಖಾಲಿ. ಚೆಂಡು ಎಲ್ಲಿದೆಯೋ ಅಲ್ಲೇ ನನ್ನ ಕಣ್ಣು ಹೋಗುತ್ತಿತ್ತು ಮಾರಾಯ್ರೆ, ಹುಡುಗ ನಿಂತಲ್ಲಿಗೆ ಅಲ್ಲ.